ಆಟಕ್ಕುಂಟು

ಯಾಕಿಮಾದಲ್ಲಿ ನವೆಂಬರ್ ಎಂದರೆ
ಸೇಬಿನ ತೋಟಗಳು ಬರಿಗೈಯಾಗಿ ನಿಂತಿರುತ್ತವೆ.
ಕೊನೆಯ ಲಾರಿಯೂ ಹೋದ ಮೇಲೆ
ಹಾದಿಗೆ ಉರುಳಿದ ಹಣ್ಣು ಹೆಂಡದ ವಾಸನೆ ಬಿಡುತ್ತದೆ.
ಅದೇ ವಾರ ನಮ್ಮ ಎರಡು ವರ್ಷದ ಕಾಲೇಜಿನಲ್ಲಿ
ಹಳೆಯ ಆಟಗಾರರ ಸನ್ಮಾನ.

ನಾನು ಬೀಜಗಣಿತ ಕಲಿಸುವವಳು.
ಬಾಸ್ಕೆಟ್‌ಬಾಲ್ ಶುರುವಾದರೆ ಅಂಕ ಬರೆಯುವ ಮೇಜಿನವಳು,
ಇಪ್ಪತ್ತೆರಡು ವರ್ಷದಿಂದ.
ಆ ಮೇಜಿಗೊಂದು ಮಡಿ:
ಅಲ್ಲಿ ಕೂತವರು ಚಪ್ಪಾಳೆ ತಟ್ಟುವಂತಿಲ್ಲ,
ನಮ್ಮವರು ಗೆದ್ದರೂ ಹುಬ್ಬು ಹಾರಿಸುವಂತಿಲ್ಲ.
ಒಮ್ಮೆ ಕೊನೆಯ ಸೆಕೆಂಡಿನಲ್ಲಿ ಪೆನ್ಸಿಲ್ ಕಚ್ಚಿ ಮುರಿದಿದ್ದೆ,
ಅಷ್ಟೇ.

ಈ ಸಲ ಗೋಡೆಗೇರುವವರು ಐವರು.
ಈಟಿ ಎಸೆಯುತ್ತಿದ್ದ ಅವಳಿಗಳು ಅಲಾಸ್ಕದಿಂದ
ಒಂದೇ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಕಳಿಸಿದ್ದಾರೆ.
ಯುಸೇಬಿಯೊ ಬ್ಯಾರಿಯೆಂಟೋಸ್, ಕುಸ್ತಿ, ಎಂಬತ್ತಮೂರನೇ ಇಸವಿ:
ಹಾಪ್ಸ್ ಬಳ್ಳಿ ಇಳಿಸಿ ಗೀರುಬಿದ್ದ ಕೈಯಲ್ಲೇ
ಕಂಡಕಂಡವರನ್ನು ಅಂಗಾತ ಮಲಗಿಸಿದವನು,
ಈಗ ತೋಟಗಳ ಪಂಪು ರಿಪೇರಿ ಮಾಡುತ್ತಾನೆ,
ಪೈಲ್ವಾನರ ಆ ಮುದುಡಿದ ಕಿವಿ ಹಾಗೇ ಇದೆ.
ಹೆಂಡತಿ ಟೈ ಕಟ್ಟಿ ಕಳಿಸಿದ್ದಾಳೆ; ಅವನದನ್ನು
ಎದುರಾಳಿಯ ಹಿಡಿತದಂತೆ ಸಡಿಲಿಸುತ್ತಲೇ ಇದ್ದಾನೆ.
ಕೋಚ್ ಟ್ಯಾಂಗನ್ ಇಲ್ಲ, ತೀರಿಕೊಂಡು ಆರು ವರ್ಷ.
ಮಗಳು ತಂದದ್ದು ಅವನ ವ್ಯಾನಿನ ಬೀಗದ ಕೈ.
ಹಿಮದಲ್ಲಿ ಕಣಿವೆ ದಾಟಿ, ಸೋತ ಹುಡುಗರನ್ನು
ರಾತ್ರಿ ಎರಡಕ್ಕೆ ಒಬ್ಬೊಬ್ಬರನ್ನೇ
ಅವರವರ ಬಾಗಿಲಿಗೆ ಇಳಿಸಿ,
ಒಳಗೆ ದೀಪ ಹತ್ತುವ ತನಕ ಕಾಯುತ್ತಿದ್ದ ವ್ಯಾನು.
ಅದನ್ನು ಬರೆಯಲು ನನ್ನ ಪುಸ್ತಕದಲ್ಲಿ ಮನೆಯಿಲ್ಲ.

ಐದನೆಯವಳು ವರ್ಲಾ ಡಾಕಿನ್ಸ್.
ಅವಳ ಹೆಸರಿಗೆ ಸಮಿತಿಯಲ್ಲಿ ಮೂರು ಸಲ ತಕರಾರು.
ಎಪ್ಪತ್ತೊಂದರಲ್ಲಿ ಹುಡುಗಿಯರಿಗೆ ತಂಡವೆಲ್ಲಿತ್ತು?
ಹುಡುಗರು ಬಿಟ್ಟುಹೋದ ಮೇಲೆ ಅಂಗಳ,
ಬಿಳಿ ಬನಿಯನ್ನಿಗೆ ಅಂಟಿಸಿದ ಟೇಪಿನ ಅಂಕಿ;
ಬೆವರಿಗೆ ಟೇಪು ಕಳಚಿ
ಏಳು ಒಂದಾಗುತ್ತಿತ್ತಂತೆ.
ಆ ಪಂದ್ಯಗಳು ಅಧಿಕೃತವಲ್ಲ, ಎಂದರು.
ನಮ್ಮಲ್ಲಿ, ಎಂದೆ ನಾನು, ಕುಂಟೆಬಿಲ್ಲೆಗೆ ಬಂದ ಚಿಕ್ಕವರನ್ನು
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತೇವೆ.
ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಯಾರೂ ನಗಲಿಲ್ಲ.
ಡೀನ್ ಕನ್ನಡಕ ಒರೆಸಿಕೊಂಡರು.

ಬಾಯ್ಲರ್ ಕೋಣೆಯಲ್ಲಿ, ಮುರಿದ ಹರ್ಡಲ್‌ಗಳ ಹಿಂದೆ,
ಶೂ ಡಬ್ಬದೊಳಗೆ ಸಿಕ್ಕಿತು ಅಂಕದ ಪುಸ್ತಕ.
ಬರೆದವಳು ಇಮೊಜೀನ್ ಪ್ರ್ಯಾಟ್, ವ್ಯಾಯಾಮದ ಟೀಚರು, ನೇರಳೆ ಶಾಯಿ.
ಒಂದು ಸಂಜೆ ಪೂರ್ತಿ ಕೂತು ಕೂಡಿದೆ
ಮುಖ ಗೊತ್ತಿಲ್ಲದ ಆ ಅಕ್ಕನ ಚುಕ್ಕಿ, ಗೀಟು.
ಎರಡು, ಎರಡು, ಒಂದು, ಮತ್ತೆ ಎರಡು.
ವೆನಾಚಿಯ ಎದುರು ವರ್ಲಾ: ಮೂವತ್ತೆಂಟು.
ಗೋಡೆಯ ಮೇಲಿನ ದಾಖಲೆ ಮೂವತ್ತಾರು.
ಇಷ್ಟು ವರ್ಷ ಬಂದವರಿಗೆಲ್ಲ
ಎಷ್ಟು ಜಂಬದಿಂದ ಅದನ್ನೇ ತೋರಿಸಿದ್ದೆ!

ಬಂದಳು. ಊರುಗೋಲು, ನೀಲಿ ಸ್ವೆಟರು.
ಪ್ಯಾಕಿಂಗ್ ಶೆಡ್ಡಿನಲ್ಲಿ ನಲವತ್ತು ವರ್ಷ ಸೇಬು ಆರಿಸಿದ ಬೆರಳು
ಹಿತ್ತಾಳೆ ಫಲಕವನ್ನೂ ಹಣ್ಣಿನಂತೆ ತಿರುಗಿಸಿತು,
ಎಲ್ಲಾದರೂ ಪೆಟ್ಟು ಬಿದ್ದಿದೆಯಾ ಎಂದು.
ಮೈಕಿಗೆ ಬಾಗಿ,
"ಮೂವತ್ತೆಂಟು ತಪ್ಪು" ಅಂದಳು. "ನಲವತ್ತು."
ಎದೆ ಧಸಕ್ಕೆಂದಿತು. ಮೂರು ಸಲ ಕೂಡಿದ್ದೆನಲ್ಲ!
"ಕೊನೆಯ ಬುಟ್ಟಿ ಇಮೊಜೀನ್ ಬರೆಯಲೇ ಇಲ್ಲ.
ತಿರುಗಿ ನೋಡಿದರೆ ಕುರ್ಚಿ ಹತ್ತಿ ನಿಂತು
ಚಪ್ಪಾಳೆ ತಟ್ಟುತ್ತಿದ್ದಳು. ಪೆನ್ನು ಎಲ್ಲೋ ಬಿದ್ದಿತ್ತು."

ಜನ ನಕ್ಕರು. ಬ್ಯಾರಿಯೆಂಟೋಸ್ ಸಿಳ್ಳೆ ಹಾಕಿದ.
ಡೀನ್ ನನ್ನ ಕಡೆ ನೋಡಿದರು: ಫಲಕ ತಿದ್ದಿಸಬೇಕೆ?
ಬರಹದಲ್ಲಿರುವುದು ಮೂವತ್ತೆಂಟೇ. ನಿಯಮ ನಿಯಮವೇ.
ತಲೆಯಾಡಿಸಿದೆ; ಹೌದೋ ಅಲ್ಲವೋ ಅವರಿಗೆ ತಿಳಿಯಲಿಲ್ಲ.
ಆಮೇಲೆ ನೋಡಿಕೊಂಡರೆ
ಪೆನ್ಸಿಲ್ ಕೈಯಲ್ಲಿರಲಿಲ್ಲ,
ಅಂಗೈ ಎರಡೂ ಉರಿಯುತ್ತಿದ್ದವು.